ಹನುಮಂತನ ಬಾಲದಂಥ ವಿಳಾಸ

ಹೆಸರು ಬರೆಯುವುದರಲ್ಲಿ ಕನ್ನಡಿಗರು ಎಂದೂ ಜಿಪುಣರಲ್ಲ. ಮದುವೆಯ ಕರೆಯೋಲೆಯಲ್ಲಿ ಊರು, ಮನೆತನ, ತಾತಂದಿರ ಹೆಸರು ಎಲ್ಲ ಮುಗಿದ ಮೇಲೆಯೇ ವರನ ಸರದಿ. ಡಾಸ್ ಕಾಲದ ಕಂಪ್ಯೂಟರಿನಲ್ಲಿ ಕಡತದ ಹೆಸರಿಗೆ ಎಂಟೇ ಅಕ್ಷರ, ಬಾಲಕ್ಕೆ ಮೂರು. 1995ರಲ್ಲಿ ವಿಂಡೋಸ್ 95 ಬಂದು 255 ಅಕ್ಷರಗಳವರೆಗೆ ಅವಕಾಶ ಕೊಟ್ಟಿತು. ಅಲ್ಲಿಂದ ಶುರುವಾಯಿತು ಹೆಸರುಗಳ ಮೆರವಣಿಗೆ.

ಹಳ್ಳಿಯ ಮೇಷ್ಟ್ರೊಬ್ಬರು ತಮ್ಮ ಸೋದರತ್ತೆ ಹಾಡಿದ ಸೋಬಾನೆ ಪದಗಳನ್ನು ಧ್ವನಿಮುದ್ರಿಸಿ ಇಟ್ಟಿದ್ದರೆನ್ನಿ. ಅತ್ತೆ ಈಗಿಲ್ಲ. ಪದಗಳಿರುವುದು ಕಂಪ್ಯೂಟರಿನಲ್ಲಿ: ‘ಜನಪದ ಸಂಗ್ರಹ’ದೊಳಗೆ ‘ಅತ್ತೆ ಹಾಡಿದ ಸೋಬಾನೆ ಪದಗಳು’, ಅದರೊಳಗೆ ‘ಮದುವೆ ಮನೆಯ ಪದಗಳು’, ಅದರೊಳಗೆ ‘ಹೆಣ್ಣು ಒಪ್ಪಿಸಿಕೊಡುವಾಗ ಹಾಡಿದ್ದು’, ಹೀಗೆ. ಬೇರೊಂದು ಡಿಸ್ಕಿನಲ್ಲಿ ಬ್ಯಾಕಪ್ ಪ್ರತಿಯೂ ಇದೆ. ಒಂದು ದಿನ ಕಂಪ್ಯೂಟರ್ ಕೈಕೊಟ್ಟಿತು. ಹೊಸದನ್ನು ತಂದು ಪ್ರತಿಯನ್ನು ಮರಳಿ ಇಳಿಸಿದ್ದಾಯಿತು. ತೆರೆದು ನೋಡಿದರೆ ಗಾದೆಗಳಿವೆ, ಒಗಟುಗಳಿವೆ. ಅತ್ತೆಯ ದನಿಯಿದ್ದ ಫೋಲ್ಡರ್ ಮಾತ್ರ ಖಾಲಿ!

ದನಿ ಎಲ್ಲಿಗೂ ಹೋಗಿಲ್ಲ. ಅದರ ವಿಳಾಸ ಉದ್ದವಾಗಿದೆ, ಅಷ್ಟೆ. ವಿಂಡೋಸಿನ ಹಳೆಯ ಲೆಕ್ಕದಲ್ಲಿ ಡ್ರೈವಿನ ಅಕ್ಷರದಿಂದ ಕಡತದ ಹೆಸರಿನ ಕೊನೆಯವರೆಗೆ ಇಡೀ ಹಾದಿಗೆ ಸಿಗುವುದು 260 ಸ್ಥಾನ. ಅದರಲ್ಲೂ ಒಂದು ‘ಇಲ್ಲಿಗೆ ಮುಗಿಯಿತು’ ಎಂಬ ಗುರುತಿಗೆ ಮೀಸಲು. ಮೊದಲು 240ರಷ್ಟಿದ್ದ ಹಾದಿಯನ್ನು ‘ಹಳೆಯ ಕಂಪ್ಯೂಟರಿನಿಂದ ತಂದದ್ದು’ ಎಂಬ ಹೊಸ ಫೋಲ್ಡರಿನೊಳಗೆ ಇಳಿಸಿದರೆ ಆ ಹೆಸರೂ ಸೇರಿಕೊಂಡು ಗೆರೆ ದಾಟುತ್ತದೆ. ಕನ್ನಡಕ್ಕೆ ಇನ್ನೊಂದು ತೊಡಕು. ‘ಅತ್ತೆ’ ಕಣ್ಣಿಗೆ ಎರಡೇ ಅಕ್ಷರ. ಒತ್ತು, ಸ್ವರಚಿಹ್ನೆಗಳನ್ನೂ ಬೇರೆಬೇರೆಯಾಗಿ ಎಣಿಸುವ ಯೂನಿಕೋಡಿನಲ್ಲಿ ಐದು. ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು!

ತಮಾಷೆಯೆಂದರೆ, ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆ ಸುಮಾರು 32,767 ಸ್ಥಾನಗಳ ಹಾದಿಯನ್ನೂ ತಾಳಬಲ್ಲದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! 2016ರಲ್ಲಿ ಪರಿಷ್ಕೃತವಾದ ವಿಂಡೋಸ್ 10ರಿಂದೀಚೆಗೆ ಈ ಕಟ್ಟನ್ನು ಸಡಿಲಿಸಬಹುದು. ಆದರೆ ಬಳಸುವ ಪ್ರೋಗ್ರಾಮೂ ಅದಕ್ಕೆ ಒಗ್ಗಿರಬೇಕು.

ಉಪಾಯ ಸರಳ. ಡ್ರೈವಿನ ಹೊಸ್ತಿಲಲ್ಲೇ ‘ಅ’ ಎಂಬ ಒಂದಕ್ಷರದ ಫೋಲ್ಡರ್ ಮಾಡಿ ಪ್ರತಿಯನ್ನು ಅಲ್ಲಿಗೆ ಇಳಿಸುವುದು. ಅಷ್ಟಕ್ಕೇ ಅತ್ತೆಯ ಪದ ಕೇಳಿಸೀತು. ಸಾಲದಾದರೆ, ಉದ್ದದ ಹಾದಿಗೆ ಅಂಜದ ‘ರೋಬೋಕಾಪಿ’ ಎಂಬ ಆದೇಶ ವಿಂಡೋಸಿನಲ್ಲೇ ಇದೆ. ‘ಸಬ್‌ಸ್ಟ್’ ಎಂಬ ಇನ್ನೊಂದು ಆದೇಶ, ಆಳದಲ್ಲಿರುವ ಫೋಲ್ಡರಿಗೆ ಡ್ರೈವಿನ ಅಕ್ಷರವೊಂದನ್ನು ಅಂಟಿಸಿ ಹಾದಿಯನ್ನು ಮೊಟಕು ಮಾಡುತ್ತದೆ. ಎರಡೂ ಕಡೆಯ ಕಡತಗಳ ಎಣಿಕೆ ತಾಳೆಯಾಗುವವರೆಗೆ ಹಳೆಯ ಪ್ರತಿಯನ್ನು ಅಳಿಸಕೂಡದು.

ಇಷ್ಟೆಲ್ಲ ಪೇಚಾಟ ಬೇಡವೆನ್ನುವವರು ರೈತನಿಂದ ಒಂದು ಪಾಠ ಕಲಿಯಬಹುದು. ಬಿತ್ತನೆಗೆಂದು ಇಟ್ಟ ಕಾಳಲ್ಲಿ ಒಂದು ಹಿಡಿಯನ್ನು ಅವನು ಮೊದಲು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುತ್ತಾನೆ. ಪ್ರತಿ ತೆಗೆದಿಟ್ಟವರೂ ವರ್ಷಕ್ಕೊಮ್ಮೆಯಾದರೂ ಅದರಿಂದ ಒಂದು ಕಡತವನ್ನು ಹೊರತೆಗೆದು ತೆರೆದು ನೋಡಬೇಕು. ಅದೂ ಎಲ್ಲಕ್ಕಿಂತ ಆಳದಲ್ಲಿರುವುದನ್ನು.