ತಂತಿ ಕೆಳಗಿನ ಕೊಡೆ

ಸಾಗರದಿಂದ ಕೆಳದಿ ಕಡೆ ಹೋಗೋ ಬಸ್ಸಿಳಿದು ನಮ್ಮನೆಗೆ ಹೋಗ್ಬೇಕು ಅಂದ್ರೆ ಒಂದು ಬ್ಯಾಣ ದಾಟ್ಬೇಕು. ಬ್ಯಾಣದ ಮೇಲೆ 220 ಕೆವಿ ಲೈನು. ಮಳೆಗಾಲದಲ್ಲಿ ಅದರ ಕೆಳಗೆ ಬಂದ್ರೆ ಮೇಲಿಂದ ಜೇನು ಎದ್ದ ಹಾಗೆ ಗುಂಯ್ ಅನ್ನೋ ಸದ್ದು. ಮರದ ಹಿಡಿಕೆಯ ಕೊಡೆ ಹಿಡ್ಕೊಂಡಿದ್ದು, ಬೆರಳು ಕಬ್ಬಿಣದ ಕಡ್ಡಿಗೆ ತಾಗಿತೋ, ಜುಮ್! ಶಾಲೆಗೆ ಹೋಗುವಾಗ ನಮಗೆ ಅದೇ ಒಂದು ಆಟ.

ಕಳೆದ ತಿಂಗಳು ಅಪ್ಪಯ್ಯ ಫೋನಲ್ಲಿ ಕೇಳಿದ್ರು. "ಹುಲ್ಲು ಕೊಯ್ಯೋಕೆ ಬರೋರು ಆ ತಂತಿ ಕೆಳಗೆ ಬರಲ್ಲ ಅಂತಾರೆ ಮಾರಾಯ. ಜುಮ್ ಅನ್ನತ್ತಂತೆ. ಇಂಜಿನಿಯರ್ ಅಲ್ವ ನೀನು, ಅಪಾಯ ಇದ್ಯಾ ಇಲ್ವಾ ಹೇಳು."

ನಾನು ಓದಿದ್ದು ಇಂಜಿನಿಯರಿಂಗ್ ಹೌದು, ಆದ್ರೆ ಮಾಡೋದು ಸಾಫ್ಟ್‌ವೇರ್ ಕೆಲಸ. ಹಾಗಂತ ಅಪ್ಪಯ್ಯನ ಹತ್ರ ಹೇಳೋಕಾಗತ್ತಾ? ಫೆಮ್ ಅನ್ನೋ ಸಾಫ್ಟ್‌ವೇರ್ ಇಳಿಸ್ಕೊಂಡೆ. ಡೇವಿಡ್ ಮೀಕರ್ ಅನ್ನೋರು ಬರೆದು ಉಚಿತವಾಗಿ ಕೊಟ್ಟಿರೋದು. ಚಿತ್ರ ಬರೆದುಕೊಟ್ರೆ ಅದನ್ನ ಸಾವಿರಾರು ಪುಟ್ಟ ತ್ರಿಕೋನಗಳಾಗಿ ಕತ್ತರಿಸಿ, ಒಂದೊಂದು ಮೂಲೆಯಲ್ಲೂ ಎಷ್ಟು ವೋಲ್ಟ್ ಅಂತ ಲೆಕ್ಕ ಹಾಕತ್ತೆ. ಫೈನೈಟ್ ಎಲಿಮೆಂಟ್ ಅಂದ್ರೆ ಅಷ್ಟೇ.

ಲೈನಲ್ಲಿರೋದು ಎಸಿ, ಸ್ಥಿರವಿದ್ಯುತ್ತಿನ ಲೆಕ್ಕ ಹೇಗೆ ಸರಿಹೋಗತ್ತೆ ಅಂತೀರಾ? 50 ಹರ್ಟ್ಜ್ ತರಂಗದ ಉದ್ದ 6000 ಕಿ.ಮೀ. ನಮ್ಮ ಬ್ಯಾಣ ಅದರ ಮುಂದೆ ಯಾವ ಲೆಕ್ಕ! ಹಾಗಾಗಿ ಒಂದು ಕ್ಷಣವನ್ನ ಹಿಡಿದು ನಿಲ್ಲಿಸಿ ನೋಡಿದ್ರೆ ಸಾಕು.

ಸುಲಭ ಇರ್ಲಿ ಅಂತ ಒಂದೇ ತಂತಿ ಬರೆದೆ. 220 ಅನ್ನೋದು ಎರಡು ತಂತಿಗಳ ನಡುವಿನ ವೋಲ್ಟೇಜು. ಒಂದು ತಂತಿಗೂ ನೆಲಕ್ಕೂ 127 ಕೆವಿ. ತಂತಿ ದಪ್ಪ 28.6 ಮಿ.ಮೀ. ಎತ್ತರ 8 ಮೀಟರ್ ಇಟ್ಟೆ. ನಿಯಮದ ಪ್ರಕಾರ ಕನಿಷ್ಠ 7 ಮೀಟರ್ ಇರ್ಲೇಬೇಕು. ಸುತ್ತ 20 ಮೀಟರ್ ಅಗಲ, 12 ಮೀಟರ್ ಎತ್ತರದ ಒಂದು ಚೌಕಟ್ಟು ಎಳೆದೆ. ನೆಲಕ್ಕೆ ಸೊನ್ನೆ ವೋಲ್ಟ್ ಕೊಟ್ಟೆ. ಉಳಿದ ಮೂರು ಗೆರೆಗೂ ಏನಾದ್ರೂ ಕೊಡ್ಬೇಕಲ್ಲ, ಅವಕ್ಕೂ ಸೊನ್ನೆ ಕೊಟ್ಟೆ.

ಬಂತು ನೋಡಿ, ಹೋಳಿಹಬ್ಬದ ಹಾಗೆ ಬಣ್ಣ ಬಣ್ಣದ ಚಿತ್ರ! ತಂತಿಯ ಸರೀ ಕೆಳಗೆ, ನೆಲದ ಹತ್ರ, ಮೀಟರಿಗೆ 3.1 ಕಿಲೋವೋಲ್ಟ್. ಐಸಿಎನ್‌ಐಆರ್‌ಪಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಜನಸಾಮಾನ್ಯರಿಗೆ ಹೇಳೋ ಮಿತಿ 5. ತಕ್ಷಣ ಫೋನ್ ಮಾಡಿ, "ಏನೂ ಹೆದರಿಕೆ ಇಲ್ಲ ಅಪ್ಪಯ್ಯ, ಮಿತಿಗಿಂತ ಎಷ್ಟೋ ಕಮ್ಮಿ" ಅಂದೆ. ಭಾರೀ ಗತ್ತಿನಲ್ಲೇ ಅಂದೆ.

ರಾತ್ರಿ ಯಾಕೋ ನಿದ್ದೆ ಬರ್ಲಿಲ್ಲ. ಎದ್ದು ಹಳೇ ಸೂತ್ರ ಹುಡುಕಿ ಕಾಗದದ ಮೇಲೆ ಲೆಕ್ಕ ಮಾಡಿದೆ. 4.5 ಬಂತು. ಸೂತ್ರದಲ್ಲೇ ತಪ್ಪಿರ್ಬೇಕು ಅಂದ್ಕೊಂಡೆ (ಕಂಪ್ಯೂಟರ್ ಮೇಲೆ ಅಷ್ಟು ಭಕ್ತಿ!). ಮೂರು ಸಲ ಮಾಡಿದ್ರೂ 4.5.

ಆಮೇಲೆ ಕಣ್ಣಿಗೆ ಬಿತ್ತು. ಯೋಚನೆ ಮಾಡ್ದೆ ಎಳೆದ ಆ ಮೇಲಿನ ಗೆರೆ! ತಂತಿಗಿಂತ ಬರೀ 4 ಮೀಟರ್ ಮೇಲೆ ನಾನೊಂದು ತಗಡಿನ ಸೂರು ಕಟ್ಟಿ ಅದನ್ನ ಭೂಮಿಗೆ ಜೋಡಿಸಿದ ಹಾಗಾಗಿತ್ತು. ನೆಲಕ್ಕೆ ಬರಬೇಕಾದ ಕ್ಷೇತ್ರರೇಖೆಗಳಲ್ಲಿ ಬಹುಪಾಲು ಹತ್ತಿರದ ಸೂರಿಗೇ ಓಡಿಹೋಗಿದ್ವು. ನಮ್ಮ ಬ್ಯಾಣದ ಮೇಲೆ ಎಲ್ಲಿದೆ ಸೂರು? ಬರೀ ಆಕಾಶ. ಚೌಕಟ್ಟಿನ ಎತ್ತರ 24 ಮೀಟರ್ ಮಾಡಿ, ಅಗಲವನ್ನೂ ಹಿಗ್ಗಿಸಿದೆ, 4.2 ಆಯ್ತು. ನೂರು ಮೀಟರ್ ಮಾಡಿದಾಗ 4.5ಕ್ಕೆ ಬಂದು ನಿಂತಿತು. ಸಾಫ್ಟ್‌ವೇರ್ ತಪ್ಪು ಮಾಡಿರ್ಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾಗೇ ಉತ್ತರ ಕೊಟ್ಟಿತ್ತು, ಪ್ರಶ್ನೆ ಬೇರೆ ಯಾವುದೋ ಊರಿನದಾಗಿತ್ತು ಅಷ್ಟೇ.

ನಿಜವಾದ ಲೈನಲ್ಲಿ ಮೂರು ಫೇಸ್ ಇರತ್ತೆ, ಒಂದು ಇನ್ನೊಂದನ್ನ ಒಂದಿಷ್ಟು ವಜಾ ಮಾಡೋದ್ರಿಂದ ಇನ್ನೂ ಕಮ್ಮಿನೇ ಆಗತ್ತೆ. ಆದ್ರೂ ಅಪ್ಪಯ್ಯನಿಗೆ ಹೇಳಿದ್ದು ತಪ್ಪು ತಾನೇ? ಬೆಳಗ್ಗೆ ನಾಚಿಕೆ ಬಿಟ್ಟು ಫೋನ್ ಮಾಡಿ ಎಲ್ಲ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ, ನಕ್ಕುಬಿಟ್ರು. "ನಿನ್ನ ಅಜ್ಜಿ ತವರುಮನೆ ಕಥೆನೂ ಇದೇ ಕಣೋ. ನಕ್ಷೆಯಲ್ಲಿ ಅವರ ಗದ್ದೆ ಮುಳುಗಡೆ ಗೆರೆಯಿಂದ ಆಚೆಗಿತ್ತು. ಗದ್ದೆ ಮುಳುಗ್ಲೂ ಇಲ್ಲ. ಮುಳುಗಿದ್ದು ದಾರಿ."

ಅಜ್ಜಿಯ ತವರು ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಅವಳು ತವರಿಗೆ ಹೋಗ್ತಿದ್ದಿದ್ದು ನೀರು ದಾಟಿ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಶುರುವಾದಾಗ ಅವಳಿರ್ಲಿಲ್ಲ. ಆ ನೀರಿಂದ ಆದ ಕರೆಂಟು ತಲೆ ಮೇಲೆ ಹೋಗ್ತಿದ್ರೂ ನಮ್ಮನೆಯಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿನೇ ಉರೀತಿತ್ತು.

ಇರ್ಲಿ. ಆ ದಿನ ಅಪ್ಪಯ್ಯ ಮಾತು ಮುಗಿಸೋವಾಗ ಇನ್ನೊಂದು ವಿಷಯ ಹೇಳಿದ್ರು. ಕೊನೆ ಕೊಯ್ಯೋಕೆ ಹೊಸ ದೋಟಿ ತಗೊಂಡಿದಾರಂತೆ. "ಫೈಬರ್‌ದು, ಕರೆಂಟ್ ಹೊಡಿಯಲ್ಲ. ಎತ್ತಿ ಹಿಡ್ಕೊಂಡೇ ಬ್ಯಾಣ ದಾಟ್ಬೋದು." ನನ್ನ ಎದೆ ಧಸಕ್ ಅಂತು. ಅದು ಕಾರ್ಬನ್ ಫೈಬರ್. ಕಾರ್ಬನ್‌ನಲ್ಲಿ ಕರೆಂಟು ಸಲೀಸಾಗಿ ಹರಿಯತ್ತೆ. ತಂತಿ ಇರೋದು 8 ಮೀಟರ್ ಮೇಲೆ, ದೋಟಿ ಬಿಚ್ಚಿದ್ರೆ ಅದಕ್ಕಿಂತ ಉದ್ದ. ತಾಗೋದೂ ಬೇಡ, ಹತ್ತಿರ ಹೋದ್ರೂ ಸಾಕು. ಮಡಚಿ, ಅಡ್ಡ ಹಿಡ್ಕೊಂಡೇ ದಾಟ್ಬೇಕು ಅಂತ ಮೂರು ಸಲ ಹೇಳಿ, ಅವರ ಬಾಯಲ್ಲೂ ಹೇಳಿಸಿದೆ.

ಕೊಡೆಯ ಜುಮ್ ಬರೀ ಕಚಗುಳಿ. ಕೂದಲೆಳೆಯಷ್ಟು ಅಂತರದಲ್ಲಿ ತಪ್ಪಿದ್ದು ಈ ದೋಟಿ. ಅದು ನನ್ನ ಚೌಕಟ್ಟಿನೊಳಗೆ ಇರ್ಲೇ ಇಲ್ಲ. 12 ಮೀಟರಿನದ್ರಲ್ಲೂ ಇರ್ಲಿಲ್ಲ, ನೂರು ಮೀಟರಿನದ್ರಲ್ಲೂ ಇರ್ಲಿಲ್ಲ.

ನಿಮ್ಮೂರಲ್ಲೂ ತೋಟದ ಹತ್ರ ಲೈನಿದ್ರೆ ಇವತ್ತೇ ಮನೆಗೊಂದು ಫೋನ್ ಮಾಡಿ, ದೋಟಿ ಯಾವ್ದು ಅಂತ ಕೇಳಿ.