ಟಂಕಸಾಲೆಯ ತಪ್ಪು, ಸಂತೆಯ ಪೆಟ್ಟು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳಲ್ಲಿ ಸಂದೂಕದ ತಳ ತಡಕಿದರೆ ಎರಡು ಸರ್ಕಾರಗಳ ದುಡ್ಡು ಒಂದೇ ಗಂಟಿನಲ್ಲಿ ಸಿಗುವುದುಂಟು. 1948ರವರೆಗೆ ಇದು ನಿಜಾಮರ ಆಡಳಿತದ ಪ್ರದೇಶ. ನಿಜಾಮರದು ‘ಹಾಲಿ’ ರೂಪಾಯಿ, ಇಂಗ್ಲಿಷರದು ‘ಕಲ್ದಾರ್’. ಆರು ಕಲ್ದಾರಿಗೆ ಏಳು ಹಾಲಿ ಎಂಬುದು ಲೆಕ್ಕ. ತುಂಗಭದ್ರೆ ದಾಟಿ ಹೊಸಪೇಟೆಗೆ ಹೋದರಾಯಿತು, ಪಡುವಣಕ್ಕೆ ಗದಗಿಗೆ ಹೋದರಾಯಿತು, ಅಲ್ಲಿ ನಡೆಯುತ್ತಿದ್ದುದು ಕಲ್ದಾರ್.

ಇಂಥ ಗಂಟಿನಲ್ಲಿ ಸೊಟ್ಟ ಮುದ್ರೆಯ ನಾಣ್ಯವೊಂದು ಕಂಡರೆ ಹುಡುಗರಿಗೆ ಹಿಗ್ಗು. ‘ತಪ್ಪು ನಾಣ್ಯ’ಕ್ಕೆ ಬೆಲೆ ಹೆಚ್ಚೆಂದು ಅವರು ಕೇಳಿರುತ್ತಾರೆ. ಆದರೆ ಸೊಟ್ಟಗಿರುವುದೆಲ್ಲ ತಪ್ಪಲ್ಲ. ಗಂಗಾವತಿ ಸಮೀಪದ ಆನೆಗೊಂದಿಯಿಂದ ಮೊದಲಾದ ವಿಜಯನಗರದ ನಾಣ್ಯಗಳನ್ನೇ ನೋಡಿ. ಹನುಮಂತ, ಗಂಡಭೇರುಂಡ, ಉಮಾಮಹೇಶ್ವರರ ಚಿತ್ರವುಳ್ಳ ಇವನ್ನು ಕೈಯಿಂದ ಸುತ್ತಿಗೆಯೇಟು ಹಾಕಿ ಮುದ್ರಿಸುತ್ತಿದ್ದರು. ಎಷ್ಟೋ ವೇಳೆ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಅಕ್ಷರ ಅಂಚಿನಾಚೆ ಉಳಿದುಹೋಗುವುದು ಸಹಜ. ನಿಜಾಮರ ಕೈಮುದ್ರೆಯ ಹಳೆಯ ರೂಪಾಯಿಯೂ ಹಾಗೆಯೇ. ಚಾರ್‌ಮಿನಾರ್ ಚಿತ್ರದ ರೂಪಾಯಿ ಯಂತ್ರದ್ದು. ಅದರ ಬಾಗಿಲಲ್ಲಿ ಕಾಣುವ ಗುರುತು ಕಲೆಯಲ್ಲ, ಆಯಾ ನಿಜಾಮರ ಹೆಸರಿನ ಮೊದಲಕ್ಷರ. 1943ರಿಂದ 1947ರವರೆಗಿನ ಒಂದು ಪೈಸೆಯ ನಡುವಿನ ತೂತೂ ಸರ್ಕಾರವೇ ಮಾಡಿಸಿದ್ದು.

ತಪ್ಪನ್ನು ಗುರುತಿಸಲು ನಾಣ್ಯ ಹುಟ್ಟುವ ಬಗೆ ತಿಳಿದಿರಬೇಕು. ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸಿ, ಉಕ್ಕಿನ ಬಳೆಯೊಳಗೆ ಕೂರಿಸಿ, ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ಹಾಳೆಯಲ್ಲಿ ಮೊದಲೇ ಕತ್ತರಿಸಿದ ಜಾಗಕ್ಕೆ ಮತ್ತೆ ಕತ್ತಿ ಬಿದ್ದರೆ ಬಿಲ್ಲೆಗೆ ಬಾಲಚಂದ್ರನಂಥ ಕಚ್ಚು. ಇದು ನಿಜವಾದುದಾದರೆ ಕಚ್ಚಿನ ಎದುರು ಬದಿಯ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಅರ ಹಿಡಿದು ತಿಕ್ಕಿದ ನಾಣ್ಯದಲ್ಲಿ ಆ ಮಸುಕಿಲ್ಲ, ಉಜ್ಜಿದ ಗೆರೆಗಳಿರುತ್ತವೆ. ಪತ್ತಾರರ ತಕ್ಕಡಿ ಇಲ್ಲಿ ನೆರವಿಗೆ ಬಾರದು, ಎರಡರಲ್ಲೂ ತೂಕ ಕಡಿಮೆಯೇ.

ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿಗೆ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಗೆರೆ ತಗ್ಗಾಗಿದ್ದರೆ ಅದು ಬಹುಮಟ್ಟಿಗೆ ಹೊರಗೆ ತಿಂದ ಪೆಟ್ಟು. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡಿದ್ದರೆ ಮುಂದಿನದಕ್ಕೆ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬೀಳುತ್ತದೆ. ಇದನ್ನು ನಕಲು ಮಾಡುವವರು ಎರಡು ನಾಣ್ಯಗಳನ್ನು ಜೋಡಿಸಿ ಅದುಮುತ್ತಾರೆ. ಆಗ ಮೂಲ ಚಿತ್ರದ ಅವಶೇಷ ಕೆಳಗೆ ಉಳಿಯುತ್ತದೆ, ಹಿಂಬದಿ ಚಪ್ಪಟೆಯಾಗಿರುತ್ತದೆ. ಭೂತಗನ್ನಡಿಯೊಂದಿದ್ದರೆ ಇಷ್ಟೆಲ್ಲ ಕಾಣುತ್ತದೆ. ಹೈದರಾಬಾದಿನ ನಾಣ್ಯಕ್ಕೆ ವರ್ಷದ ಕೆಳಗೆ ನಕ್ಷತ್ರ, ನೋಯ್ಡಾದ್ದಕ್ಕೆ ಚುಕ್ಕೆ. ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ. ಗುರುತಿಲ್ಲವೆಂದು ಹಿಗ್ಗಬೇಡಿ.

ನಮ್ಮ ಸೀಮೆಯ ಪೆಟ್ಟುಗಳಿಗೆ ಅವುಗಳದೇ ಚರಿತ್ರೆಯಿದೆ. ಲಂಬಾಣಿ ತಾಂಡಾಗಳಲ್ಲಿ ಸರಕ್ಕೆ, ರವಿಕೆಗೆ ಪೋಣಿಸಲೆಂದು ಕೊಂಡಿ ಬೆಸೆದ ರೂಪಾಯಿಗಳ ಅಂಚಿನಲ್ಲಿ ಬೆಸುಗೆಯ ಗುಡ್ಡೆ ಉಳಿದಿರುತ್ತದೆ. ಎರೆಹೊಲದ ತೇವ ತಿಂದ ತಾಮ್ರ ಹಸಿರುಗಟ್ಟಿ ಸವೆದಿರುತ್ತದೆ. ಹುಣಸೆಹುಳಿ ಹಚ್ಚಿ ತಿಕ್ಕಿದರೆ ಅಳಿದುಳಿದ ಅಕ್ಷರವೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಇನ್ನು ಹುಬ್ಬಳ್ಳಿ–ಗುಂತಕಲ್ ಹಳಿಯ ಮೇಲೆ ಇಟ್ಟು ಚಪ್ಪಟೆ ಮಾಡಿದ ನಾಣ್ಯ ತಪ್ಪು ನಾಣ್ಯವೂ ಅಲ್ಲ, ಆಟವೂ ಅಲ್ಲ, ಪ್ರಾಣಕ್ಕೇ ಅಪಾಯ.

ತಂದೆ-ತಾಯಂದಿರು ಒಂದನ್ನು ಗಮನಿಸಬೇಕು. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಮೋಸಗಾರರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಕೇಳುವುದಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ಹೊಲ ಉಳುವಾಗ ನಾಣ್ಯಗಳ ಕುಡಿಕೆ ಸಿಕ್ಕರೆ ಮಾತು ಬೇರೆ: ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಅಂಥ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಆ ಕೆಲಸಕ್ಕೆ ರಾಯಚೂರಿಗೇ ಹೋಗಬೇಕಿತ್ತು.