ಬಾಲ್ಟಿಕ್ ಕಡಲ ಕರೆಯಲ್ಲಿ

ಮನೆಯನ್ನು ಬಿಟ್ಟು ಪ್ರವಾಸ ಹೊರಡುವುದು ಲೋಕದ ರೂಢಿ. ಮನೆಯನ್ನೇ ಬೆನ್ನಿಗೇರಿಸಿಕೊಂಡು ಹೊರಡುವುದು ಬಸವನಹುಳುವಿಗೆ ಮಾತ್ರ ಸಲ್ಲುವ ರೀತಿಯೆಂದು ನಾನು ಅರುವತ್ತೆಂಟು ವರ್ಷಗಳ ಕಾಲ ನಂಬಿಕೊಂಡಿದ್ದೆ. ಕಳೆದ ಜೂನ್ ತಿಂಗಳಲ್ಲಿ ಆ ನಂಬಿಕೆ ಕೆಟ್ಟಿತು. ಜರ್ಮನಿಯಲ್ಲಿ ನೆಲೆಸಿರುವ ಮಗಳೂ ಅಳಿಯನೂ ಬಾಡಿಗೆಗೆ ತಂದು ಅಂಗಳದಲ್ಲಿ ನಿಲ್ಲಿಸಿದ ವಾಹನಕ್ಕೆ ಕ್ಯಾಂಪರ್ ವ್ಯಾನ್ ಎಂದು ಹೆಸರಂತೆ. ನನ್ನಾಕೆ ಅದನ್ನು ಕಂಡ ಕ್ಷಣವೇ ‘ಮನೆಗಾಡಿ’ ಎಂದು ನಾಮಕರಣ ಮಾಡಿದಳು. ಒಳಗೆ ಎರಡು ಉರಿಯ ಗ್ಯಾಸ್ ಒಲೆ, ನೀರಿನ ತೊಟ್ಟಿ, ನಿಂತಲ್ಲೇ ತಿರುಗಲು ಕಷ್ಟವಾಗುವ ಒಂದು ಬಚ್ಚಲು, ಒಂದು ಮೇಜು.

“ನಾಲ್ವರು ಮಲಗುವುದೆಲ್ಲಿ?” ಎಂದು ಆಕೆ ಕೇಳಿದಳು.

ಮಗಳು ಮೇಜನ್ನು ಕೆಳಗಿಳಿಸಿ ಅದರ ಮೇಲೆ ಹಾಸಿಗೆಯನ್ನು ಜೋಡಿಸಿದಳು. “ಇಲ್ಲಿ ನೀವಿಬ್ಬರೂ, ಅಮ್ಮ. ನಾವು ಮೇಲಿನ ಅಟ್ಟದಲ್ಲಿ.”

“ಅಟ್ಟದಲ್ಲಿ ನಾವು ಉಪ್ಪಿನಕಾಯಿಯ ಭರಣಿ ಇಡುತ್ತೇವೆ” ಎಂದಳು ಆಕೆ. ಆದರೂ ಹೊರಟಳು, ಕಾಫಿಯ ಫಿಲ್ಟರನ್ನು ಮಾತ್ರ ಕೈಚೀಲದಲ್ಲಿಟ್ಟುಕೊಂಡೇ ಹೊರಟಳು. ಆ ಫಿಲ್ಟರು ಮುಂದೆ ನಮಗೆ ಮಾಡಿದ ಉಪಕಾರವನ್ನು ಓದುಗರು ಮುಂದೆ ಕಾಣುವರು.

ಕೀಲ್ ಬಂದರಿನಲ್ಲಿ ಗಾಡಿಸಮೇತ ಹಡಗನ್ನೇರಿ, ಸುಮಾರು 20 ಗಂಟೆಗಳ ಪ್ರಯಾಣದ ಬಳಿಕ ಲಿಥುವೇನಿಯದ ಕ್ಲೈಪೆಡದಲ್ಲಿ ಇಳಿದೆವು. ಅಲ್ಲಿಂದ ಉತ್ತರಕ್ಕೆ ಲಾಟ್ವಿಯ, ಅದರಾಚೆ ಎಸ್ಟೋನಿಯ, ಕೊನೆಗೆ ಎಸ್ಟೋನಿಯದ ದ್ವೀಪಗಳು. ಇದು ನಮ್ಮ ಹಾದಿ. ನಾನು ಕುಂದಾಪುರದವನು. ಕಡಲನ್ನು ನೋಡಲು ಕಡಲ ಮಗನೇಕೆ ಅಷ್ಟು ದೂರ ಹೋಗಬೇಕೆಂದು ಕೇಳುವವರುಂಟು. ಹೋಗದೆ ಇದ್ದಿದ್ದರೆ, ಕಡಲಿಗೂ ಬೀಗ ಹಾಕಬಹುದೆಂಬ ಸಂಗತಿ ನನಗೆ ತಿಳಿಯುತ್ತಿರಲಿಲ್ಲ.

ಮರಳು ನುಂಗಿದ ಊರುಗಳು

ಕ್ಲೈಪೆಡದ ಎದುರಿಗೆ, ಕಿರುಹಡಗಿನಲ್ಲಿ ಕೆಲವೇ ನಿಮಿಷ ದಾಟಿದರೆ, ಒಂದು ವಿಚಿತ್ರವಾದ ನೆಲ ಸಿಕ್ಕುತ್ತದೆ. ಉದ್ದ 98 ಕಿಲೋಮೀಟರು. ಅಗಲ ಕೆಲವೆಡೆ ಅರ್ಧ ಕಿಲೋಮೀಟರೂ ಇಲ್ಲ. ಪಶ್ಚಿಮಕ್ಕೆ ಬಾಲ್ಟಿಕ್ ಕಡಲು, ಪೂರ್ವಕ್ಕೆ ವಿಶಾಲವಾದ ಹಿನ್ನೀರು, ನಡುವೆ ಮರಳಿನ ಈ ಪಟ್ಟಿ. ಇದಕ್ಕೆ ಕುರೋನಿಯನ್ ಮರಳುದಂಡೆಯೆಂದು ಹೆಸರು. ಉತ್ತರಾರ್ಧ ಲಿಥುವೇನಿಯಕ್ಕೆ, ದಕ್ಷಿಣಾರ್ಧ ರಷ್ಯಕ್ಕೆ ಸೇರಿದೆ. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆಯೂ ಹರಿಯುವುದನ್ನು ಕಂಡವರು, ಆ ನೋಟವನ್ನೇ ಮನಸ್ಸಿನಲ್ಲಿ ಅರ್ಧ ದಿನದ ಹಾದಿಯಷ್ಟು ಹಿಗ್ಗಿಸಿಕೊಂಡರೆ ಸಾಕು.

ಕಡಲಿಗಿಳಿದು ನೀರನ್ನು ನಾಲಗೆಗೆ ಮುಟ್ಟಿಸಿ ನೋಡಿದೆ. ಉಪ್ಪೇ ಇಲ್ಲವೆನ್ನಬೇಕು. ಮಹಾಸಾಗರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಇಲ್ಲಿ ಏಳು ಗ್ರಾಮಿನಷ್ಟು. ಸುತ್ತಲಿನ ನದಿಗಳೆಲ್ಲ ಸಿಹಿನೀರನ್ನು ತಂದು ಸುರಿಯುತ್ತವೆ. ಸಾಗರದ ಉಪ್ಪುನೀರು ಡೆನ್ಮಾರ್ಕಿನ ಬಳಿಯ ಇಕ್ಕಟ್ಟಾದ ಜಲಸಂಧಿಗಳಲ್ಲಿ ನುಸುಳಿ ಬರಬೇಕು. ಭರತ ಇಳಿತಗಳೂ ಕಣ್ಣಿಗೆ ಕಾಣುವಷ್ಟಿಲ್ಲ. “ಇದು ಕಡಲಲ್ಲ, ದೊಡ್ಡ ಕೆರೆ” ಎಂದು ನನ್ನಾಕೆ ತೀರ್ಪಿತ್ತಳು.

ನಿದಾ ಎಂಬ ಊರಿನ ಮೇಲೆ ಪಾರ್ನಿದಿಸ್ ಎಂಬ ಮರಳಗುಡ್ಡವಿದೆ. ಎತ್ತರ ಸುಮಾರು 50 ಮೀಟರು. ಮೇಲೆ ನಿಂತರೆ ದಕ್ಷಿಣಕ್ಕೆ ಮರುಭೂಮಿ, ಉತ್ತರಕ್ಕೆ ಪೈನ್ ಕಾಡು. ಈ ಕಾಡು ತಾನಾಗಿ ಬೆಳೆದುದಲ್ಲ. ಹಿಂದೆ ಇಲ್ಲಿದ್ದ ಮರಗಳನ್ನು ಜನರು ಕಡಿದರು. ಬೇರುಗಳ ಹಿಡಿತ ತಪ್ಪಿದ ಮರಳು ಗಾಳಿಯೊಡನೆ ನಡೆಯತೊಡಗಿತು. ಹದಿನಾಲ್ಕು ಊರುಗಳನ್ನು ಅದು ಮುಚ್ಚಿಹಾಕಿತೆಂದು ಲೆಕ್ಕ. ಮನೆಯ ಬಾಗಿಲನ್ನು ಇಂದು ತೋಡಿದರೆ ನಾಳೆ ಮತ್ತೆ ಮರಳು. ಕೊನೆಗೆ ಜನ ಮನೆಯ ತೊಲೆಗಳನ್ನು ಬಿಚ್ಚಿಕೊಂಡು ಬೇರೆಡೆ ಹೋಗುವರು. ಅಲ್ಲಿಗೂ ಮರಳು ಹಿಂಬಾಲಿಸುವುದು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ನಿದಾದ ಅಂಚೆಯ ಹೊಣೆ ಹೊತ್ತಿದ್ದ ಕುವೆರ್ಟ್ ಮನೆತನದವರು ಊರಿನ ಸುತ್ತ ಸಸಿ ನೆಡಲು ಮೊದಲುಮಾಡಿದರು. ಬಳಿಕ ಸರ್ಕಾರವೂ ಕೈಹಾಕಿ, ಮರಳಿನ ಮೇಲೆ ಕಡ್ಡಿಗಳ ಚೌಕಗಳನ್ನು ಹಾಸಿ, ಅವುಗಳ ಮರೆಯಲ್ಲಿ ಗಿಡಗಳನ್ನು ನೆಟ್ಟು, ಅನೇಕ ದಶಕಗಳ ದುಡಿಮೆಯಿಂದ ಮರಳನ್ನು ಕಟ್ಟಿಹಾಕಿತು. 2000ದಲ್ಲಿ ಯುನೆಸ್ಕೊ ಈ ದಂಡೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೊಬೆಲ್ ಪಾರಿತೋಷಕ ಪಡೆದ ಮರುವರ್ಷ, 1930ರಲ್ಲಿ, ತೋಮಸ್ ಮನ್ ಇಲ್ಲಿ ಬೇಸಗೆಯ ಮನೆ ಕಟ್ಟಿಸಿದ. ಮೂರು ಬೇಸಗೆಗಳನ್ನಷ್ಟೇ ಕಳೆಯಲು ಆತನಿಗೆ ಸಾಧ್ಯವಾಯಿತು. 1933ರಲ್ಲಿ ದೇಶವನ್ನೇ ಬಿಟ್ಟ. ಆ ಮನೆ ಈಗ ವಸ್ತುಸಂಗ್ರಹಾಲಯ.

ಹಲುಬೆ ಎಳೆದ ತೀರ

ಕ್ಲೈಪೆಡಕ್ಕೆ ಮರಳಿ, ಉತ್ತರಕ್ಕೆ ಹೊರಟು, ಲಾಟ್ವಿಯದ ಗಡಿಯನ್ನು ದಾಟಿದ್ದು ನಮಗೆ ತಿಳಿಯಲೇ ಇಲ್ಲ. ಹೆಸರಿನ ಫಲಕವೊಂದನ್ನು ಬಿಟ್ಟರೆ ತಡೆಯುವವರಿಲ್ಲ, ಕೇಳುವವರಿಲ್ಲ. ಲಿಯೆಪಾಯಾ ಪಟ್ಟಣದ ಬಳಿ ರಷ್ಯದ ಜಾರರು ಕಟ್ಟಿಸಿದ ಕೋಟೆಗಳು ಮಗುಚಿ ಕಡಲಿಗೆ ಬಿದ್ದಿರುವುದನ್ನು ನೋಡಿಕೊಂಡು ಮುಂದೆ ಸಾಗಿ, ಎರಡನೆಯ ದಿನದ ಸಂಜೆ ಮಜಿರ್ಬೆ ಎಂಬ ಹಳ್ಳಿಯನ್ನು ತಲುಪಿದೆವು.

ಅಳಿಯನ ವಿಷಯದಲ್ಲಿ ಮಾವನಾದವನು ದೂರು ಹೇಳಬಾರದು. ಆದರೆ “ಇನ್ನು ಸ್ವಲ್ಪ ಮುಂದೆ ಹೋದರೆ ಕಡಲು ಕಾಣುತ್ತದೆ, ಮಾವ” ಎಂದು ಆತ ಮೂರು ಟನ್ ಭಾರದ ಗಾಡಿಯನ್ನು ಮರಳುದಾರಿಗೆ ಇಳಿಸಿದ್ದನ್ನು ಹೇಳದೆ ವಿಧಿಯಿಲ್ಲ. ಕಡಲು ಕಂಡಿತು, ಗಾಡಿಯ ಹಿಂದಿನ ಚಕ್ರಗಳು ಕಾಣದಾದವು. ಹಲಗೆ ಕೊಟ್ಟೆವು, ತಳ್ಳಿದೆವು, ಕೈಯಲ್ಲಿ ತೋಡಿದೆವು. ತೋಡಿದಷ್ಟೂ ಇಳಿಯಿತು. ನಿದಾದ ಊರುಗಳ ಕಷ್ಟ ನಮಗೆ ಚೆನ್ನಾಗಿ ಅರ್ಥವಾಯಿತು.

ಗಂಟೆ ಒಂಬತ್ತಾದರೂ ಹಗಲಿನಷ್ಟೇ ಬೆಳಕಿತ್ತು. ಹಳೆಯದೊಂದು ಟ್ರ್ಯಾಕ್ಟರು ಸದ್ದು ಮಾಡುತ್ತ ಬಂತು. ನಡೆಸುತ್ತಿದ್ದವರು ಎಪ್ಪತ್ತೈದರ ಆಸುಪಾಸಿನ ವೃದ್ಧರು. ಪಕ್ಕದಲ್ಲಿ ಇಂಗ್ಲಿಷ್ ಬಲ್ಲ ಮೊಮ್ಮಗಳು. ವೃದ್ಧರು ಒಂದು ಮಾತೂ ಆಡದೆ ಸರಪಳಿ ಬಿಗಿದು ಎಳೆದು, ಗಾಡಿಯನ್ನು ಗಟ್ಟಿನೆಲಕ್ಕೆ ತಂದು ನಿಲ್ಲಿಸಿದರು. ಹಣ ಕೊಡಹೋದರೆ ಕೈಯಾಡಿಸಿಬಿಟ್ಟರು. ಆಗ ನನ್ನಾಕೆ ಫಿಲ್ಟರನ್ನು ಹೊರತೆಗೆದಳು. ಚಿಕ್ಕಮಗಳೂರಿನ ಪುಡಿಯ ಪರಿಮಳ ಪೈನ್ ಕಾಡಿಗೆಲ್ಲ ಹರಡಿತು. ಎರಡನೆಯ ಲೋಟಕ್ಕೆ ವೃದ್ಧರ ಮಾತು ಹೊರಟಿತು.

ಮೊದಲು ನಮ್ಮನ್ನು ಕಾಡಿನೊಳಕ್ಕೆ ಕರೆದೊಯ್ದರು. ಮರಗಳ ನಡುವೆ ದೊಡ್ಡ ದೊಡ್ಡ ಮೀನುದೋಣಿಗಳು ಒರಗಿ ಬಿದ್ದಿದ್ದುವು. ಹಲಗೆಗಳು ಕಳಚಿ, ಪಕ್ಕೆಲುಬುಗಳಂತೆ ತೊಲೆಗಳು ಎದ್ದು, ಮೈಯೆಲ್ಲ ಪಾಚಿ. ಕಡಲಿನ ದೋಣಿ ಕಾಡಿಗೇಕೆ ಬಂತೆಂದು ಕೇಳಿದೆ.

ಅವರು ಹೇಳಿದುದರ ಸಾರಾಂಶವಿದು. ಎರಡನೆಯ ಮಹಾಯುದ್ಧದ ಬಳಿಕ ಈ ತೀರ ಸೋವಿಯತ್ ಒಕ್ಕೂಟದ ಪಶ್ಚಿಮದ ಗಡಿಯಾಯಿತು. ಎದುರಿಗೆ, ನೀರಿನಾಚೆ, ಸ್ವೀಡನ್. ಜನರು ದೋಣಿಯೇರಿ ಹೋಗಿಬಿಡಬಾರದೆಂದು ತೀರವನ್ನೆಲ್ಲ ಗಡಿವಲಯವಾಗಿ ಮಾಡಿದರು. ಹೊರಗಿನವರು ಪರವಾನಗಿಯಿಲ್ಲದೆ ಬರುವಂತಿಲ್ಲ. ಊರಿನವರು ಕತ್ತಲಾದ ಮೇಲೆ ಕಡಲ ಕರೆಗೆ ಹೋಗುವಂತಿಲ್ಲ. ಮೀನುಗಾರಿಕೆ ದೊಡ್ಡ ಬಂದರುಗಳಿಗೆ ಸರಿಯಿತು; ಸಣ್ಣ ಹಳ್ಳಿಗಳ ದೋಣಿಗಳು ಕೆಲಸವಿಲ್ಲದೆ ಉಳಿದುವು. ಇಲ್ಲಿಯ ಪದ್ಧತಿಯಂತೆ ಮುದಿಯಾದ ದೋಣಿಯನ್ನು ಒಡೆದು ಸೌದೆ ಮಾಡುವುದಿಲ್ಲ. ಜೂನ್ ತಿಂಗಳ ಮಧ್ಯಬೇಸಗೆಯ ಹಬ್ಬದ ರಾತ್ರಿ ಕಡಲ ಕರೆಯಲ್ಲಿ ಅದಕ್ಕೆ ಬೆಂಕಿಯಿಟ್ಟು ಗೌರವದಿಂದ ಬೀಳ್ಕೊಡುತ್ತಾರೆ. ಆದರೆ ಗಡಿಯ ತೀರದಲ್ಲಿ ರಾತ್ರಿ ಬೆಂಕಿ ಉರಿಸುವಂತಿರಲಿಲ್ಲ. ಹಾಗಾಗಿ ದೋಣಿಗಳನ್ನು ಕಾಡಿಗೆಳೆದು ಬಿಟ್ಟರು. ಅವು ಅಲ್ಲಿಯೇ ಕೊಳೆತುವು.

“ಸಂಜೆಯಾದೊಡನೆ ಮರಳಿನ ಮೇಲೆ ಹಲುಬೆ ಎಳೆಯುತ್ತಿದ್ದರು” ಎಂದರು ವೃದ್ಧರು. ಹೊಲಕ್ಕೆ ಎಳೆಯುವ ಹಲುಬೆಯೇ. ಬಿತ್ತುವುದಕ್ಕಲ್ಲ, ರಾತ್ರಿ ಯಾರಾದರೂ ನಡೆದರೆ ಬೆಳಗ್ಗೆ ಹೆಜ್ಜೆಗುರುತು ಸಿಕ್ಕಬೇಕೆಂದು. “ನನಗಾಗ ಎಂಟು ವರ್ಷ. ಒಂದು ಸಂಜೆ ನನ್ನ ಚೆಂಡು ಉರುಳಿ ಮರಳಿಗೆ ಹೋಯಿತು. ಹಲುಬೆ ಎಳೆದಾಗಿತ್ತು. ಮನೆಯಿಂದ ಮೂವತ್ತು ಹೆಜ್ಜೆ. ಅಮ್ಮ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡೇ ಕುಳಿತಳು. ರಾತ್ರಿ ಗಾಳಿ ಬೀಸಿತು. ಬೆಳಗ್ಗೆ ನೋಡಿದರೆ ಚೆಂಡಿಲ್ಲ.”

ಮೊಮ್ಮಗಳು ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ನಡುವೆ ನಿಂತಳು. ಚೆಂಡಿನ ಕತೆಯನ್ನು ಅವಳೂ ಅದೇ ಮೊದಲು ಕೇಳಿದುದು.

ಈ ಊರುಗಳು ಲಿವ್ ಎಂಬ ಒಂದು ಸಣ್ಣ ಜನಾಂಗದ ನೆಲೆ. ಅವರ ಭಾಷೆ ಲಾಟ್ವಿಯನ್ ಭಾಷೆಯ ಸಂಬಂಧಿಯಲ್ಲ. ಎಸ್ಟೋನಿಯನ್, ಫಿನ್ನಿಷ್ ಭಾಷೆಗಳ ಬಳಗಕ್ಕೆ ಸೇರಿದುದು. ಅವರ ಧ್ವಜದಲ್ಲಿ ಮೂರು ಪಟ್ಟಿಗಳು: ಮೇಲೆ ಹಸುರು, ನಡುವೆ ಬಿಳುಪು, ಕೆಳಗೆ ನೀಲಿ. ದೋಣಿಯಲ್ಲಿ ಕುಳಿತ ಬೆಸ್ತನು ಊರಿನ ಕಡೆ ನೋಡಿದಾಗ ಕಾಣುವ ಕಾಡು, ಮರಳು, ನೀರು. ಕಡಲು ಮುಚ್ಚಿದ ಮೇಲೆ ಎಳೆಯರು ಪಟ್ಟಣಗಳಿಗೆ ಚದರಿದರು; ಮನೆಗಳೊಂದಿಗೆ ಮಾತೂ ಬರಿದಾಯಿತು. ಇಲ್ಲಿಗೆ ಸಮೀಪದ ವೈದೆಯಲ್ಲಿ 1910ರಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ದೇಶ ಬಿಟ್ಟ ಗ್ರಿಜೆಲ್ದಾ ಕ್ರಿಸ್ತಿನಾ ಎಂಬಾಕೆ 2013ರಲ್ಲಿ ಕೆನಡದಲ್ಲಿ ತೀರಿಕೊಂಡರು. ತಾಯಿನುಡಿಯಾಗಿ ಲಿವ್ ಕಲಿತವರಲ್ಲಿ ಆ ಹೊತ್ತಿಗೆ ಉಳಿದಿದ್ದ ಕೊನೆಯವರು ಆಕೆಯೇ. ಲಾಟ್ವಿಯ ವಿಶ್ವವಿದ್ಯಾನಿಲಯ 2018ರಲ್ಲಿ ಲಿವ್ ಭಾಷೆಗೆಂದೇ ಒಂದು ಸಂಸ್ಥೆಯನ್ನು ತೆರೆದಿದೆ. ಮೊಮ್ಮಗಳೂ ಪುಸ್ತಕದಿಂದ ಕಲಿಯುತ್ತಿದ್ದಾಳೆ. ವೃದ್ಧರಿಗೆ ತಮ್ಮ ಅಜ್ಜಿ ಊಟಕ್ಕೆ ಕರೆಯುತ್ತಿದ್ದ ಮಾತು ಮಾತ್ರ ನೆನಪಿದೆಯಂತೆ.

“ಈಗ ಬೆಂಕಿಗೆ ತಡೆಯಿಲ್ಲವಲ್ಲ, ಈ ದೋಣಿಗಳನ್ನು ಸುಡಬಾರದೇಕೆ?” ಎಂದು ಅಳಿಯ ಕೇಳಿದ.

“ಇರಲಿ. ಬಂದವರು ನೋಡಲಿ” ಎಂದರು ಅವರು.

ಬೀಳ್ಕೊಳ್ಳುವಾಗ ಇನ್ನೊಂದು ಮಾತು ಹೇಳಿದರು. 1989ನೆಯ ಆಗಸ್ಟ್ 23ರಂದು, ಹಿಟ್ಲರನೂ ಸ್ಟಾಲಿನನೂ ಈ ದೇಶಗಳನ್ನು ಗುಟ್ಟಾಗಿ ಹಂಚಿಕೊಂಡ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ ದಿನ, ತಾಲಿನ್‌ನಿಂದ ರೀಗಾ ಹಾದು ವಿಲ್ನಿಯಸ್‌ವರೆಗೆ 600 ಕಿಲೋಮೀಟರಿಗೂ ಉದ್ದವಾಗಿ ಸುಮಾರು 20 ಲಕ್ಷ ಜನರು ಕೈಕೈ ಹಿಡಿದು ನಿಂತರು. ಎರಡು ವರ್ಷಗಳಲ್ಲಿ ಮೂರು ದೇಶಗಳೂ ಸ್ವತಂತ್ರವಾದುವು. “ನಾನೂ ಹೋಗಿದ್ದೆ. ಬಲಗೈ ಹಿಡಿದವಳು ನನ್ನ ಹೆಂಡತಿ. ಎಡಗೈ ಹಿಡಿದವರು ಯಾರೋ, ಇಂದಿಗೂ ಗೊತ್ತಿಲ್ಲ.”

ದ್ವೀಪದ ಬೆಂಕಿ

ತೆರೆದ ಕಡಲೂ ರೀಗಾ ಕೊಲ್ಲಿಯೂ ಕೂಡುವ ಕೋಲ್ಕಾ ಭೂಶಿರವನ್ನು ಸುತ್ತಿ, ರೀಗಾ ನಗರವನ್ನು ಹಾದು, ಕೊಲ್ಲಿಯ ಅಂಚಿನಲ್ಲೇ ಎಸ್ಟೋನಿಯವನ್ನು ಹೊಕ್ಕೆವು. ವಿರ್ತ್ಸು ಬಂದರಿನಿಂದ ಮುಹು ದ್ವೀಪಕ್ಕೆ ಹಡಗಿನಲ್ಲಿ ಅರ್ಧ ಗಂಟೆ. ಮುಹುವಿನಿಂದ ಸಾರೆಮಾ ದ್ವೀಪಕ್ಕೆ 1896ರಲ್ಲಿ ಮುಗಿದ ಕಲ್ಲಿನ ಒಡ್ಡಿನ ಮೇಲೆ ರಸ್ತೆಯಿದೆ. ಚಳಿಗಾಲ ಬಿರುಸಾಗಿದ್ದ ವರ್ಷಗಳಲ್ಲಿ ಈ ಕಡಲು ಹೆಪ್ಪುಗಟ್ಟಿ, ಮಂಜುಗಡ್ಡೆಯ ಮೇಲೆಯೇ ಸರ್ಕಾರ ರಸ್ತೆ ತೆರೆಯುವುದುಂಟು. ಆ ರಸ್ತೆಯಲ್ಲಿ ಸೀಟ್ ಬೆಲ್ಟ್ ಕಟ್ಟಕೂಡದೆಂಬುದೇ ಕಟ್ಟಳೆ. ಗಡ್ಡೆ ಒಡೆದರೆ ಹೊರಕ್ಕೆ ಹಾರಬೇಕಲ್ಲ!

ಸಾರೆಮಾ ಶಾಂತವಾದ ನಾಡು. ಪಾಚಿ ಹಿಡಿದ ಕಲ್ಲುಬೇಲಿಗಳು, ಜೂನಿಪರ್ ಪೊದೆಗಳು, ಆಂಗ್ಲಾ ದಿಬ್ಬದ ಮೇಲೆ ಸಾಲಾಗಿ ನಿಂತ ಗಾಳಿಗಿರಣಿಗಳು. ಕಾಲಿ ಎಂಬಲ್ಲಿ ಸಾವಿರಾರು ವರ್ಷಗಳ ಹಿಂದೆ ಉಲ್ಕೆ ಬಿದ್ದು ತೋಡಿದ 110 ಮೀಟರ್ ಅಗಲದ ಕುಳಿಯಲ್ಲಿ ಈಗ ಹಸುರು ನೀರು ನಿಂತಿದೆ. ಅರಣ್ಯ ಇಲಾಖೆಯವರು ಪ್ರವಾಸಿಗಳಿಗೆಂದು ಅಲ್ಲಲ್ಲಿ ತಂಗುದಾಣ ಮಾಡಿದ್ದಾರೆ, ಬಾಡಿಗೆಯಿಲ್ಲ. ಅಂಗಡಿಯೊಂದರಲ್ಲಿ ‘ಕಾಮಾ’ ಎಂಬ ಹಿಟ್ಟನ್ನು ಕೊಂಡೆವು. ಬಾರ್ಲಿ, ರೈ, ಓಟ್ಸ್, ಬಟಾಣಿಗಳನ್ನು ಹುರಿದು ಬೀಸಿದ್ದು. ಮಜ್ಜಿಗೆಯಲ್ಲಿ ಕದಡಿ ಕುಡಿಯುತ್ತಾರೆ. ನನ್ನಾಕೆ ಒಂದು ಚಮಚ ಬಾಯಿಗಿಟ್ಟು, “ನಮ್ಮ ಹುರಿಹಿಟ್ಟು!” ಎಂದು ಕೂಗಿಕೊಂಡಳು. ಅಂದಿನಿಂದ ಬೆಳಗಿನ ಉಪಾಹಾರದ ಚಿಂತೆ ತೀರಿತು.

ಈ ದ್ವೀಪಕ್ಕೂ ಬೀಗ ಬಿದ್ದಿತ್ತು. 1944ರ ಶರತ್ಕಾಲದಲ್ಲಿ ಸಾವಿರಾರು ಎಸ್ಟೋನಿಯನರು ಸಣ್ಣ ದೋಣಿಗಳಲ್ಲಿ ಸ್ವೀಡನ್ನಿಗೆ ಪಾರಾದರು. ಎಷ್ಟೋ ಜನ ದಾರಿಯಲ್ಲೇ ಮುಳುಗಿದರು. ಆ ಮೇಲೆ ಒಳನಾಡಿನ ಎಸ್ಟೋನಿಯನನೂ ಪರವಾನಗಿಯಿಲ್ಲದೆ ಸಾರೆಮಾಕ್ಕೆ ಕಾಲಿಡುವಂತಿರಲಿಲ್ಲ.

ಜೂನ್ 23ರ ಸಂಜೆ ನಾವು ದ್ವೀಪದ ದಕ್ಷಿಣಕ್ಕೆ ಚಾಚಿದ ಸೋರ್ವೆ ಮೂಲೆಯಲ್ಲಿದ್ದೆವು. ಮಧ್ಯಬೇಸಗೆಯ ಹಬ್ಬದ ರಾತ್ರಿ. ಊರಿನವರು ಕಡಲ ಕರೆಯಲ್ಲಿ ಸೌದೆ ಒಟ್ಟಿದ್ದರು. ಅದರ ಮೇಲೊಂದು ಹಳೆಯ ದೋಣಿ. ಯಾರು ನೀವೆಂದು ಕೇಳದೆ ಬೆಂಚಿನಲ್ಲಿ ನಮಗೂ ಜಾಗ ಕೊಟ್ಟರು. ಹತ್ತೂವರೆಗೆ ಸೂರ್ಯನಿಳಿದ, ಬೆಳಕು ಹೋಗಲಿಲ್ಲ. ಬೆಂಕಿ ಹಲಗೆಯಿಂದ ಹಲಗೆಗೆ ಏರಿತು. ಹಾಡುತ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಾದರು. ದೋಣಿಯ ತೊಲೆ ಮುರಿದು ಒಳಕ್ಕೆ ಬಿದ್ದ ಮೇಲೆ ಮತ್ತೆ ಹಾಡಿದರು. ಮಕ್ಕಳು ನೀರಿನಂಚಿನಲ್ಲಿ ಓಡಾಡುತ್ತಲೇ ಇದ್ದರು.

“ಮಜಿರ್ಬೆ ಯಾವ ದಿಕ್ಕಿಗೆ?” ಎಂದು ನನ್ನಾಕೆ ಕೇಳಿದಳು.

ಅಳಿಯ ದಕ್ಷಿಣಕ್ಕೆ ಕೈತೋರಿದ. ಐದು ದಿನ ಸುತ್ತಿ ಬಂದ ನಮಗೂ ಆ ವೃದ್ಧರ ಮನೆಗೂ ನಡುವೆ ಇದ್ದುದು ಸುಮಾರು 30 ಕಿಲೋಮೀಟರಿನಷ್ಟು ನೀರು ಮಾತ್ರ. ಆಕೆ ಬಹಳ ಹೊತ್ತು ಅತ್ತ ನೋಡುತ್ತಿದ್ದಳು. ಅಲ್ಲಿಯೂ ಬೆಂಕಿ ಹಚ್ಚಿರಬಹುದು. ಇಲ್ಲಿಗೆ ಕಾಣುವಷ್ಟು ಸಮೀಪವಲ್ಲ.

ಮರುದಿನ ಬೆಳಗ್ಗೆ ಗಾಡಿಯ ಬಾಗಿಲು ತೆರೆದಾಗ ಬೂದಿಯಿಂದ ಇನ್ನೂ ಹೊಗೆಯೇಳುತ್ತಿತ್ತು. ಅದರ ಸುತ್ತ, ನೀರಿನವರೆಗೂ, ಮರಳಿನ ಮೇಲೆ ನೂರಾರು ಹೆಜ್ಜೆಗುರುತುಗಳು: ದೊಡ್ಡವು, ಸಣ್ಣವು, ನಾಯಿಯವು. ನನ್ನಾಕೆ ಚಪ್ಪಲಿ ಕಳಚಿಟ್ಟು, ಫಿಲ್ಟರಿನಲ್ಲಿ ಕಾಫಿ ಇಳಿಯುವಷ್ಟು ಹೊತ್ತು ಆ ಮರಳಿನ ಮೇಲೆ ನಡೆದು ಬಂದಳು.